ಲೋಹದ ಹಾಸುಹೊಕ್ಕು: ಆರ್ಲೀನ್ ಫಿಶ್ ಮತ್ತು ಅಮೆರಿಕದ ಸ್ಟುಡಿಯೋ ಆಭರಣ ಕಲೆ

ಬೆಳ್ಳಿಯ ತಂತಿಯನ್ನು ನೂಲಿನ ಹಾಗೆ ನೇಯಬಹುದು, ಹೆಣೆಯಬಹುದು, ಜಡೆ ಹಾಕಬಹುದು ಎಂಬುದನ್ನು ಇಪ್ಪತ್ತನೆಯ ಶತಮಾನದ ಆಭರಣಕಾರರಿಗೆ ಕ್ರಮವಾಗಿ ಕಲಿಸಿಕೊಟ್ಟವರು ಅಮೆರಿಕದ ಆರ್ಲೀನ್ ಫಿಶ್. 1931ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಅವರು 1961ರಿಂದ 2000ದವರೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಭರಣ ಮತ್ತು ಲೋಹಕಲೆಯ ಪಾಠ ಹೇಳಿದರು. ಈ ನಾಲ್ಕು ದಶಕಗಳಲ್ಲೇ ಅಮೆರಿಕದ ಆಭರಣ ಕಲೆಯೂ ಬೇರೊಂದು ದಾರಿ ಹಿಡಿಯಿತು. ಅಂಗಡಿ, ಕಾರ್ಖಾನೆಗಳ ಒಳಗೆ ಉಳಿದಿದ್ದ ಕಸುಬು ಕಾಲೇಜಿನ ಕೊಠಡಿಗೆ ಬಂತು. ಒಡವೆಯ ಬೆಲೆಯನ್ನು ತೂಕದಿಂದ, ಹರಳಿನಿಂದ ಅಳೆಯುತ್ತಿದ್ದ ಕಣ್ಣು ಅದರ ಕಲ್ಪನೆಯನ್ನೂ ಕೈಕೆಲಸವನ್ನೂ ನೋಡತೊಡಗಿತು. ಫಿಶ್ ಅವರ ಬದುಕನ್ನು ಈ ಬದಲಾವಣೆಯಿಂದ ಬಿಡಿಸಿ ಹೇಳಲಾಗದು.

ಸ್ಟುಡಿಯೋ ಆಭರಣ ಎಂದರೆ ಒಬ್ಬನೇ ಕಲಾವಿದ ತನ್ನ ಸ್ವಂತ ಕಾರ್ಯಾಗಾರದಲ್ಲಿ ತಾನೇ ರೂಪಿಸಿ, ತಾನೇ ಕೈಯಾರೆ ಮಾಡಿದ ಆಭರಣ. ಸಾಮಾನ್ಯ ವ್ಯಾಪಾರದಲ್ಲಿ ವಿನ್ಯಾಸ ಬರೆಯುವವರೊಬ್ಬರು, ಎರಕ ಹೊಯ್ಯುವವರೊಬ್ಬರು, ಹರಳು ಕೂರಿಸುವವರೊಬ್ಬರು, ಮೆರುಗು ಕೊಡುವವರು ಇನ್ನೊಬ್ಬರು. ಸ್ಟುಡಿಯೋ ಕಲಾವಿದೆ ಇವೆಲ್ಲವನ್ನೂ ತಾನೇ ಮಾಡುತ್ತಾಳೆ. ಬಂಗಾರವೇ ಆಗಬೇಕು, ವಜ್ರವೇ ಇರಬೇಕು ಎಂಬ ಕಟ್ಟಳೆ ಇಲ್ಲಿಲ್ಲ. ಬೆಳ್ಳಿ, ತಾಮ್ರ, ಹಿತ್ತಾಳೆ, ಮರ, ಗಾಜು, ಗರಿ ಯಾವುದು ಬೇಕಾದರೂ ಒಡವೆಯಾಗಬಹುದು.

ಕಸುಬು ಕಾಲೇಜಿಗೆ ಬಂದದ್ದು

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಕೈಯಿಂದ ಬೆಳ್ಳಿ ಪಾತ್ರೆ ಬಡಿಯುವ ವಿದ್ಯೆ ತೀರ ಕ್ಷೀಣಿಸಿತ್ತು. ಹತ್ತೊಂಬತ್ತನೆಯ ಶತಮಾನದಿಂದಲೇ ಕಾರ್ಖಾನೆಗಳು ಅಚ್ಚೊತ್ತುವ ಯಂತ್ರಗಳಿಂದ ಚಮಚ, ತಟ್ಟೆ, ಒಡವೆಗಳನ್ನು ಅಗ್ಗವಾಗಿ ತಯಾರಿಸುತ್ತಿದ್ದವು. ಗುರುವಿನ ಬಳಿ ವರ್ಷಗಟ್ಟಲೆ ಕೂತು ಕಲಿಯುವ ಪದ್ಧತಿ ಬಹುಮಟ್ಟಿಗೆ ಮುರಿದುಬಿದ್ದಿತ್ತು. ಕಲಿಯಬೇಕೆಂದರೂ ಕಲಿಸುವವರು ಸಿಗುವುದೇ ಕಷ್ಟವಾಗಿತ್ತು.

ಯುದ್ಧ ಮುಗಿದ ಮೇಲೆ ಈ ಸ್ಥಿತಿ ಎರಡು ಕಡೆಯಿಂದ ಬದಲಾಯಿತು. ಮರಳಿ ಬಂದ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಭರಿಸುವ ಕಾನೂನು 1944ರಲ್ಲಿ ಜಾರಿಗೆ ಬಂದಿತ್ತು. ಇದರಿಂದ ಕಾಲೇಜುಗಳು ತುಂಬಿದವು, ಕಲಾ ವಿಭಾಗಗಳು ಬೆಳೆದವು, ಕುಂಬಾರಿಕೆ, ನೇಯ್ಗೆ, ಲೋಹದ ಕೆಲಸಗಳು ಪಾಠಪಟ್ಟಿಗೆ ಸೇರಿದವು. ಗಾಯಾಳುಗಳ ಕೈಬೆರಳಿಗೆ ಮತ್ತೆ ಚಲನೆ ತರಲು ಆಸ್ಪತ್ರೆಗಳಲ್ಲಿ ಲೋಹದ ಕೆಲಸ ಕಲಿಸುವ ಯೋಜನೆಯನ್ನು ಬೆಳ್ಳಿ ಕಲಾವಿದೆ ಮಾರ್ಗರೆಟ್ ಕ್ರೇವರ್ ರೂಪಿಸಿದ್ದರು. ಮುಂದೆ ಅವರೇ ಬೆಳ್ಳಿ ಬಂಗಾರಗಳನ್ನು ಸಂಸ್ಕರಿಸುವ ಹ್ಯಾಂಡಿ ಅಂಡ್ ಹಾರ್ಮನ್ ಕಂಪನಿಯ ನೆರವಿನಿಂದ 1947ರಿಂದ 1951ರವರೆಗೆ ಪ್ರತಿ ಬೇಸಿಗೆಯಲ್ಲಿ ಶಿಬಿರಗಳನ್ನು ನಡೆಸಿದರು. ಶಿಬಿರಾರ್ಥಿಗಳು ಕಲಾ ಶಿಕ್ಷಕರು. ಕಲಿಸಲು ಬಂದವರಲ್ಲಿ ಇಂಗ್ಲೆಂಡಿನ ವಿಲಿಯಂ ಬೆನೆಟ್, ಸ್ವೀಡನ್ನಿನ ಎರಿಕ್ ಫ್ಲೆಮಿಂಗ್ ಅವರಂಥ ನುರಿತ ಬೆಳ್ಳಿ ಕೆಲಸಗಾರರಿದ್ದರು. ದಪ್ಪ ಬೆಳ್ಳಿಯ ತುಂಡನ್ನು ಸುತ್ತಿಗೆಯಿಂದ ಹಿಗ್ಗಿಸುತ್ತ ಬಟ್ಟಲಾಗಿ ಎಬ್ಬಿಸುವ ಕ್ರಮ ಇಂಥ ಶಿಬಿರಗಳ ಮೂಲಕ ಅಮೆರಿಕದ ಕಾಲೇಜುಗಳಿಗೆ ಬಂತು. ಜಾನ್ ಪಾಲ್ ಮಿಲ್ಲರ್, ಆಲ್ಮಾ ಐಕರ್‌ಮನ್, ಅರ್ಲ್ ಪಾರ್ಡನ್ ಮೊದಲಾದವರು ಅಲ್ಲಿ ಕಲಿತು ತಮ್ಮ ತಮ್ಮ ಕಾಲೇಜಿಗೆ ಮರಳಿ ಮುಂದಿನ ಪೀಳಿಗೆಯನ್ನು ತಯಾರು ಮಾಡಿದರು.

ಆಭರಣವನ್ನು ಕಲೆ ಎಂದು ನೋಡುವ ದೃಷ್ಟಿಯೂ ಇದೇ ಹೊತ್ತಿಗೆ ಮೂಡುತ್ತಿತ್ತು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕೈಯಿಂದ ಮಾಡಿದ ಆಧುನಿಕ ಆಭರಣಗಳ ಪ್ರದರ್ಶನ ಏರ್ಪಡಿಸಿತು. ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಬಡಿದು ಸುರುಳಿ ಸುತ್ತಿದ ತಂತಿಯ ಒಡವೆಗಳೂ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಮಾರ್ಗರೆಟ್ ಡಿ ಪಟ್ಟಾ ಅವರ ಆಭರಣಗಳೂ ಅಲ್ಲಿ ಒಟ್ಟಿಗೆ ಕಾಣಿಸಿದವು. ಫಿಶ್ ಕಲಾ ಕಾಲೇಜಿನ ಮೆಟ್ಟಿಲು ಹತ್ತುವ ವೇಳೆಗೆ ಬೀಜ ಮೊಳೆತಿತ್ತು.

ಬ್ರೂಕ್ಲಿನ್‌ನಿಂದ ಕೋಪನ್‌ಹೇಗನ್‌ಗೆ

ಫಿಶ್ ನ್ಯೂಯಾರ್ಕ್ ರಾಜ್ಯದ ಸ್ಕಿಡ್‌ಮೋರ್ ಕಾಲೇಜಿನಿಂದ 1952ರಲ್ಲಿ ಕಲೆಯಲ್ಲಿ ಪದವಿ ಪಡೆದರು. ಕ್ರೇವರ್ ಅವರ ಶಿಬಿರದಲ್ಲಿ ಕಲಿತಿದ್ದ ಅರ್ಲ್ ಪಾರ್ಡನ್ ಅಧ್ಯಾಪಕರಾಗಿ ಸೇರಿದ್ದು ಇದೇ ಕಾಲೇಜನ್ನು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಮುಗಿಸಿ, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಟನ್ ಪಟ್ಟಣದ ವೀಟನ್ ಕಾಲೇಜಿನಲ್ಲಿ ಎರಡು ವರ್ಷ ಪಾಠ ಹೇಳಿದರು. ಕಲಾ ಪದವಿಯಲ್ಲಿ ಆಕಾರ, ಬಣ್ಣ, ಸಂಯೋಜನೆಗಳ ತಿಳಿವಳಿಕೆ ಸಿಕ್ಕಿತ್ತು. ಕಸುಬಿನ ಆಳಕ್ಕೆ ಇಳಿಯಬೇಕಾದರೆ ಕಾರ್ಯಾಗಾರದ ಪರಂಪರೆ ಜೀವಂತವಾಗಿರುವ ಕಡೆಗೆ ಹೋಗಬೇಕಿತ್ತು.

ಆ ಅವಕಾಶ 1956ರಲ್ಲಿ, ಹೊರದೇಶದಲ್ಲಿ ಓದಲು ಅಮೆರಿಕ ಸರ್ಕಾರ ನೀಡುವ ಫುಲ್‌ಬ್ರೈಟ್ ವೇತನದ ರೂಪದಲ್ಲಿ ಬಂತು. ಅವರು ಆರಿಸಿಕೊಂಡದ್ದು ಡೆನ್ಮಾರ್ಕನ್ನು. ಜಾರ್ಜ್ ಜೆನ್ಸನ್ 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಬೆಳ್ಳಿ ಅಂಗಡಿ ತೆರೆದಂದಿನಿಂದ ಆ ನಗರ ಯೂರೋಪಿನ ಬೆಳ್ಳಿ ಕೆಲಸಕ್ಕೆ ಹೆಸರಾಗಿತ್ತು. ಯುದ್ಧಾನಂತರದ ವರ್ಷಗಳಲ್ಲಿ ಡೆನ್ಮಾರ್ಕಿನ ಸರಳ, ನುಣುಪು ರೇಖೆಗಳ ಬೆಳ್ಳಿ ಸಾಮಾನಿಗೆ ಅಮೆರಿಕದಲ್ಲೂ ಬಹಳ ಮೆಚ್ಚುಗೆಯಿತ್ತು. ಫಿಶ್ ಕೋಪನ್‌ಹೇಗನ್ನಿನ ಕರಕುಶಲ ಕಲಾಶಾಲೆ ಸೇರಿದರು. ಗೆರೆ ಹಾಕಿದಷ್ಟೇ ಅಗಲಕ್ಕೆ ಗರಗಸ ಎಳೆಯುವುದು, ಬೆಸುಗೆಯ ಸಂದು ಕಾಣದಂತೆ ಕೂಡಿಸುವುದು, ಅರದಿಂದ ತೀಡಿ ಅಂಚನ್ನು ನೇರ ಮಾಡುವುದು ಬೇಸರವಿಲ್ಲದೆ ಸಾವಿರ ಸಲ ಮಾಡಿದರೆ ಮಾತ್ರ ಕೈಗೆ ಹತ್ತುವ ಕೆಲಸಗಳು. ಯೂರೋಪಿನ ಅಕ್ಕಸಾಲೆಗಳು ಈ ಶಿಸ್ತನ್ನು ಬಿಟ್ಟಿರಲಿಲ್ಲ.

1957ರಲ್ಲಿ ತಾಯ್ನಾಡಿಗೆ ಮರಳಿದ ಫಿಶ್ ತಾವು ಓದಿದ ಸ್ಕಿಡ್‌ಮೋರ್‌ನಲ್ಲೇ ನಾಲ್ಕು ವರ್ಷ ಪಾಠ ಹೇಳಿದರು. ಲೋಹದ ಜೊತೆಗೆ ಮಗ್ಗದ ನಂಟೂ ಅವರಿಗಿತ್ತು. ಅಮೆರಿಕದ ಸಣ್ಣ ಕಾಲೇಜುಗಳ ಕಲಾ ವಿಭಾಗದಲ್ಲಿ ಒಬ್ಬರೇ ಎರಡು ಮೂರು ವಿಷಯ ಕಲಿಸುವುದು ವಾಡಿಕೆಯಾಗಿತ್ತು. ಹಾಸು ಹೊಕ್ಕುಗಳ ಅರಿವು ಇರುವ ಕೈಯೇ ಬೆಳ್ಳಿಯನ್ನೂ ಹಿಡಿದದ್ದು ಮುಂದಿನ ಕೆಲಸಕ್ಕೆ ತಳಹದಿಯಾಯಿತು. 1966ರಲ್ಲಿ ಇನ್ನೊಂದು ಫುಲ್‌ಬ್ರೈಟ್ ವೇತನ ಪಡೆದು ಅವರು ಮತ್ತೆ ಡೆನ್ಮಾರ್ಕಿಗೆ ಹೋದರು.

ಸ್ಯಾನ್ ಡಿಯಾಗೊದ ವಿಭಾಗ

1961ರಲ್ಲಿ ಫಿಶ್ ದೇಶದ ಪೂರ್ವ ತೀರ ಬಿಟ್ಟು ಮೆಕ್ಸಿಕೊ ಗಡಿಗೆ ಹತ್ತಿರದ ಸ್ಯಾನ್ ಡಿಯಾಗೊಗೆ ಬಂದರು. ಇಂದು ವಿಶ್ವವಿದ್ಯಾಲಯವಾಗಿರುವ ಸಂಸ್ಥೆ ಆಗ ಸ್ಯಾನ್ ಡಿಯಾಗೊ ಸ್ಟೇಟ್ ಕಾಲೇಜು. ಅಲ್ಲಿ ಆಭರಣ ಮತ್ತು ಲೋಹಕಲೆಯ ವಿಭಾಗವನ್ನು ಕಟ್ಟುವ ಹೊಣೆ ಅವರ ಹೆಗಲೇರಿತು.

ಲೋಹದ ವಿಭಾಗ ಕಟ್ಟುವುದು ಚಿತ್ರಕಲೆಯ ತರಗತಿ ತೆರೆದಷ್ಟು ಸುಲಭವಲ್ಲ. ಪ್ರತಿ ವಿದ್ಯಾರ್ಥಿಗೂ ಗರಗಸದ ಕೆಲಸಕ್ಕೆ ತಕ್ಕ ಎತ್ತರದ ಮೇಜು ಬೇಕು. ಗ್ಯಾಸಿನ ಬೆಂಕಿ, ಹೊಗೆ ಎಳೆಯುವ ವ್ಯವಸ್ಥೆ, ಬಿಸಿ ಲೋಹದ ಮೇಲಿನ ಕಪ್ಪನ್ನು ತೆಗೆಯುವ ಆಮ್ಲದ ತೊಟ್ಟಿ, ಬಗೆಬಗೆಯ ಸುತ್ತಿಗೆಗಳು, ಅಡಿಗಲ್ಲು, ತಗಡು ತೆಳುವಾಗಿಸುವ ಉರುಳೆ ಯಂತ್ರ, ತಂತಿ ಎಳೆಯುವ ಅಚ್ಚು ಎಲ್ಲವೂ ಬೇಕು. ಒಂದು ಕ್ಷಣ ಮೈಮರೆತರೂ ಬೆಸುಗೆ ಹಾಕುತ್ತಿದ್ದ ಬೆಳ್ಳಿ ಕರಗಿ ಉಂಡೆಯಾಗುತ್ತದೆ. ಹೀಗಾಗಿ ಅಧ್ಯಾಪಕರು ವಿದ್ಯಾರ್ಥಿಯ ಪಕ್ಕದಲ್ಲಿ ನಿಂತು, ಲೋಹದ ಬಣ್ಣ ತಿರುಗುವ ಗಳಿಗೆಯನ್ನು ತೋರಿಸಿಯೇ ಕಲಿಸಬೇಕಾಗುತ್ತದೆ. ಗುರುವಿನ ಪಕ್ಕ ಕೂತು ಕಲಿಯುವ ಹಳೆಯ ಕ್ರಮದ ಸಾರ ಕಾಲೇಜಿನ ಕೊಠಡಿಯಲ್ಲೂ ಉಳಿದದ್ದು ಈ ಕಾರಣಕ್ಕೆ.

ಬದಲಾದದ್ದು ಯಾರು ಕಲಿಯಬಹುದು ಎಂಬುದು. ಯೂರೋಪಿನ ಹಳೆಯ ಪದ್ಧತಿಯಲ್ಲಿ ಕಸುಬು ಹೆಚ್ಚಾಗಿ ಮನೆತನದಲ್ಲಿ, ಗಂಡಸರ ನಡುವೆ ಸಾಗುತ್ತಿತ್ತು. ಕಾರ್ಯಾಗಾರದ ಗುಟ್ಟುಗಳು ಹೊರಗೆ ಹೋಗುತ್ತಿರಲಿಲ್ಲ. ಅಮೆರಿಕದ ಸರ್ಕಾರಿ ಕಾಲೇಜಿನಲ್ಲಿ ಪ್ರವೇಶ ಪಡೆದ ಯಾರೇ ಆದರೂ, ಹೆಣ್ಣಾಗಲಿ ಗಂಡಾಗಲಿ, ಬೆಂಕಿಯ ಮುಂದೆ ಕೂರಬಹುದಿತ್ತು. ಫಿಶ್ ಅವರ ಸಮಕಾಲೀನ ಲೋಹಕಲೆಯ ಅಧ್ಯಾಪಕರಲ್ಲಿ ಬಹುಪಾಲು ಗಂಡಸರು. ಅಂಥ ಹೊತ್ತಿನಲ್ಲಿ ಹೆಣ್ಣೊಬ್ಬರು ಒಂದು ವಿಭಾಗವನ್ನು ಬುಡದಿಂದ ಕಟ್ಟಿ, ದೇಶದ ಗಣ್ಯ ಲೋಹಕಲಾ ವಿಭಾಗಗಳ ಸಾಲಿಗೆ ತಂದದ್ದು ಅವರ ನಂತರ ಬಂದ ವಿದ್ಯಾರ್ಥಿನಿಯರಿಗೆ ದೊಡ್ಡ ಧೈರ್ಯ ಕೊಟ್ಟಿತು. 1975ರಲ್ಲಿ ಹೆಲೆನ್ ಶರ್ಕ್ ಅಧ್ಯಾಪಕಿಯಾಗಿ ಅಲ್ಲಿಗೆ ಬಂದರು. ತಾಮ್ರದ ದೊಡ್ಡ ಪಾತ್ರೆಗಳ ಕೆಲಸಕ್ಕೆ ಹೆಸರಾದ ಅವರೂ ಒಡವೆಯ ಕಡೆಗೆ ಒಲವಿದ್ದ ಫಿಶ್ ಅವರೂ ಮುಂದಿನ 25 ವರ್ಷ ಒಟ್ಟಿಗೆ ವಿಭಾಗವನ್ನು ಬೆಳೆಸಿದರು.

ಮೈಯುದ್ದದ ಒಡವೆ

1960ರ ದಶಕದಲ್ಲಿ ಫಿಶ್ ಅವರ ಆಭರಣ ದೊಡ್ಡದಾಗುತ್ತ ಹೋಯಿತು. ಕಿವಿ, ಕೊರಳು, ಬೆರಳುಗಳ ಗಡಿ ದಾಟಿ ಭುಜ, ಎದೆ, ಬೆನ್ನುಗಳನ್ನು ಅದು ಆವರಿಸಿತು. ಬೆಳ್ಳಿಯ ತಗಡುಗಳನ್ನು ಸುತ್ತಿಗೆಯಿಂದ ಬಡಿದು ಮೈಗೆ ಒಗ್ಗುವಂತೆ ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಇಳಿಬಿಟ್ಟರು. ತೊಟ್ಟವರು ನಡೆದಾಗ ಲೋಹವೂ ಜೊತೆಗೆ ಅಲುಗಿತು. 1966ರಲ್ಲಿ ಬೆಳ್ಳಿ ಮತ್ತು ಕೃತಕ ರೇಷ್ಮೆಯಿಂದ ಮಾಡಿದ ಅವರ ಮೈ ಆಭರಣ ಇಂದು ನ್ಯೂಯಾರ್ಕಿನ ಕಲೆ ಮತ್ತು ವಿನ್ಯಾಸ ಸಂಗ್ರಹಾಲಯದಲ್ಲಿದೆ.

ಇಂಥ ಕೃತಿಗಳ ಹಿಂದೆ ಪ್ರಾಚೀನ ನಾಗರಿಕತೆಗಳ ಆಭರಣಗಳ ಅಧ್ಯಯನವಿದೆ. ಈಜಿಪ್ಟಿನವರ ಎದೆ ತುಂಬುವ ಮಣಿಯ ಕೊರಳಪಟ್ಟಿ, ಕೊಲಂಬಸ್ ಬರುವ ಮೊದಲಿನ ದಕ್ಷಿಣ ಅಮೆರಿಕದ ಚಿನ್ನದ ಎದೆಫಲಕ ಇವನ್ನೆಲ್ಲ ಫಿಶ್ ಆಸಕ್ತಿಯಿಂದ ನೋಡಿದ್ದರು. ಆ ಸಮಾಜಗಳಲ್ಲಿ ಒಡವೆ ಉಡುಪಿನ ಮೇಲೆ ಅಂಟಿಸಿದ ಸಣ್ಣ ಅಲಂಕಾರವಾಗಿರಲಿಲ್ಲ. ತೊಟ್ಟವರ ನಿಲುವನ್ನೇ, ನಡಿಗೆಯನ್ನೇ ಬದಲಾಯಿಸುವಷ್ಟು ಅದಕ್ಕೆ ಮಹತ್ವವಿತ್ತು. ಅಂಥ ಸಂಭ್ರಮವನ್ನು ಇಂದಿನ ಮೈಗೆ ಮರಳಿ ತರುವುದು ಅವರ ಹಂಬಲವಾಗಿತ್ತು. ಹಕ್ಕಿಯ ಗರಿಗಳೂ ಅವರ ಒಡವೆಗಳಲ್ಲಿ ಕಾಣಿಸಿಕೊಂಡವು.

1969ರಲ್ಲಿ ವಾಷಿಂಗ್ಟನ್‌ನಲ್ಲಿ ಆರಂಭವಾದ ‘ಆಬ್ಜೆಕ್ಟ್ಸ್: ಯುಎಸ್ಎ’ ಪ್ರದರ್ಶನದಲ್ಲಿ ಅವರ ಕೃತಿಗೂ ಸ್ಥಾನ ಸಿಕ್ಕಿತು. ಲೀ ನಾರ್ಡ್‌ನೆಸ್ ಮತ್ತು ಪಾಲ್ ಸ್ಮಿತ್ ಸಂಗ್ರಹಿಸಿದ ಈ ಪ್ರದರ್ಶನ ದೇಶ ಸುತ್ತಿ ಯೂರೋಪಿಗೂ ಹೋಯಿತು. ಕುಂಬಾರಿಕೆ, ಗಾಜು, ನೇಯ್ಗೆ, ಲೋಹದ ಕೆಲಸಗಳನ್ನು ಕಲೆಯೆಂದೇ ಕರೆದು ಸಾಮಾನ್ಯ ಜನರ ಮುಂದಿಟ್ಟ ದೊಡ್ಡ ಪ್ರಯತ್ನಗಳಲ್ಲಿ ಅದೊಂದು.

ಹಿಗ್ಗಿದ ಗಾತ್ರ ಒಂದು ಕಷ್ಟವನ್ನೂ ತಂದಿತು. ಬೆಳ್ಳಿ ಭಾರವಾದ ಲೋಹ, ಒಂದು ಘನ ಸೆಂಟಿಮೀಟರಿಗೆ ಹತ್ತೂವರೆ ಗ್ರಾಂ ತೂಗುತ್ತದೆ. ಭುಜದಿಂದ ಸೊಂಟದವರೆಗೆ ತಗಡು ಹೊದಿಸಿದರೆ ತೊಡುವವರಿಗೆ ಅದು ಕವಚದಂತಾಗುತ್ತದೆ. ಗಾತ್ರ ಉಳಿಯಬೇಕು, ತೂಕ ಇಳಿಯಬೇಕು, ಲೋಹ ಬಟ್ಟೆಯಂತೆ ಮೈಮೇಲೆ ಬೀಳಬೇಕು. ಮಗ್ಗ ಬಲ್ಲವರಿಗೆ ಇದಕ್ಕೊಂದು ದಾರಿ ಗೊತ್ತಿತ್ತು. ನೂಲು ಎಷ್ಟೇ ತೆಳುವಾದರೂ ನೇಯ್ದಾಗ ಅರಿವೆಯಾಗುತ್ತದೆ.

ತಂತಿ ನೂಲಾದ ಬಗೆ

ಲೋಹವನ್ನು ಹೆಣೆಯುವ ವಿದ್ಯೆ ಹೊಸದೇನಲ್ಲ. ಇಂದಿನ ಇರಾಕಿನಲ್ಲಿರುವ ಊರ್ ನಗರದ ರಾಜಗೋರಿಗಳಲ್ಲಿ ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯ ಚಿನ್ನದ ಹೆಣೆದ ಸರಗಳು ಸಿಕ್ಕಿವೆ. ವೈಕಿಂಗರ ಕಾಲದ ಉತ್ತರ ಯೂರೋಪಿನಲ್ಲಿ ಒಂದೇ ಎಳೆ ತಂತಿಯಿಂದ ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಕೊಳವೆಯಾಕಾರದ ಸರ ಹೆಣೆಯುತ್ತಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಟ್ರೆವಿಡಲ್‌ನಲ್ಲಿ 1774ರಲ್ಲಿ ದೊರೆತ ನಿಧಿಯಲ್ಲಿ ಒಂಬತ್ತನೆಯ ಶತಮಾನದ ಅಂಥ ಬೆಳ್ಳಿಯ ಹೆಣಿಗೆ ಇದೆ. ಪುರಾತತ್ವಜ್ಞರು ಈ ಹೆಣಿಗೆಗೆ ಇಟ್ಟ ಹೆಸರು ‘ಟ್ರಿಚಿನೋಪಲಿ’. ತಮಿಳುನಾಡಿನ ತಿರುಚ್ಚಿಯ ಅಕ್ಕಸಾಲಿಗರ ಹೆಣೆದ ಸರಗಳು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷರಿಗೆ ಚೆನ್ನಾಗಿ ಪರಿಚಿತವಾಗಿದ್ದವು. ಹಾಗಾಗಿ ಸಾವಿರ ವರ್ಷ ಹಿಂದಿನ ಯೂರೋಪಿನ ಸರಕ್ಕೂ ಕಾವೇರಿ ದಂಡೆಯ ಊರಿನ ಹೆಸರು ಅಂಟಿಕೊಂಡಿತು. ಭಾರತದ ಜರಿಯೂ ಲೋಹ ಮತ್ತು ನೂಲಿನ ಇಂಥದೇ ಕೂಡಿಕೆ: ರೇಷ್ಮೆ ಎಳೆಯ ಸುತ್ತ ಚಪ್ಪಟೆ ಬೆಳ್ಳಿ ತಂತಿಯನ್ನು ಸುತ್ತಿ, ಚಿನ್ನದ ಮೆರುಗು ಕೊಟ್ಟು ನೇಯುತ್ತಾರೆ.

ಈ ವಿದ್ಯೆಗಳು ಒಂದೊಂದು ಊರಿನಲ್ಲಿ, ಒಂದೊಂದು ಕಾಲದಲ್ಲಿ ಬೇರೆ ಬೇರೆಯಾಗಿ ಇದ್ದವು. ಫಿಶ್ ಅವನ್ನು ಒಟ್ಟಿಗೆ ತಂದು ಒಂದೊಂದಾಗಿ ಪರೀಕ್ಷಿಸಿದರು. ನೂಲಿಗೂ ತಂತಿಗೂ ದೊಡ್ಡ ವ್ಯತ್ಯಾಸವಿದೆ. ಹತ್ತಿ, ಉಣ್ಣೆಯ ನೂಲು ಎಳೆದರೆ ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುತ್ತದೆ. ತಂತಿ ಬಾಗಿದಲ್ಲೇ ಉಳಿಯುತ್ತದೆ, ಒಮ್ಮೆ ಸೊಟ್ಟಗಾದರೆ ಮೊದಲಿನಂತೆ ನೇರವಾಗದು. ನೂಲನ್ನು ತಪ್ಪಾದರೆ ಬಿಚ್ಚಿ ಮತ್ತೆ ಹೆಣೆಯಬಹುದು. ತಂತಿಯನ್ನು ಬಿಚ್ಚಿದರೆ ಅದು ನುಲಿದು ಮುರಿಯುತ್ತದೆ. ಬಾಗಿಸಿದಷ್ಟೂ ಲೋಹ ಗಡುಸಾಗುತ್ತ ಹೋಗುತ್ತದೆ. ಕಾಯಿಸಿ ಮೆದು ಮಾಡಿಕೊಂಡ ತಂತಿಯಿಂದಲೇ ಕೆಲಸ ಶುರು ಮಾಡಬೇಕು, ಅದು ಗಡುಸಾಗುವ ಮೊದಲೇ ಕುಣಿಕೆ ತನ್ನ ಜಾಗದಲ್ಲಿ ಕೂರಬೇಕು.

ಬೆಳ್ಳಿಯಲ್ಲೂ ಎರಡು ಬಗೆ. ಪಾತ್ರೆ, ಒಡವೆಗಳಿಗೆ ಸಾಮಾನ್ಯವಾಗಿ ಬಳಸುವ ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ 92.5 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ತಾಮ್ರ ಸೇರಿದ್ದರಿಂದ ಅದು ಗಟ್ಟಿ, ಆದರೆ ಕಾಯಿಸಿದಾಗ ಕಪ್ಪಾಗುತ್ತದೆ. ಶೇ 99.9ರಷ್ಟು ಶುದ್ಧವಾದ ಬೆಳ್ಳಿ ಮೃದು, ಬೆರಳಿಗೆ ಬಗ್ಗುತ್ತದೆ, ಕಾಯಿಸಿದರೂ ಬಿಳಿಯಾಗಿಯೇ ಉಳಿಯುತ್ತದೆ. ಹೆಣಿಗೆಗೆ ಒಪ್ಪುವುದು ಶುದ್ಧ ಬೆಳ್ಳಿಯೇ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಅಂಥ ತಂತಿಯನ್ನು ಉಣ್ಣೆಯ ಸ್ವೆಟರ್ ಹೆಣೆಯುವ ಮನೆಬಳಕೆಯ ಯಂತ್ರದಲ್ಲೂ ಹೆಣೆಯಬಹುದು. ತಂತಿ ತಾನಾಗಿ ಹಿಗ್ಗದಿದ್ದರೂ ಸಾಲು ಸಾಲು ಕುಣಿಕೆಗಳು ಅತ್ತಿತ್ತ ಸರಿಯುವುದರಿಂದ ಹೆಣೆದ ಲೋಹಕ್ಕೆ ಬಟ್ಟೆಯಂಥ ಬಳುಕು ಬರುತ್ತದೆ. ನೇಯ್ಗೆಯ ರೀತಿ ಬೇರೆ: ಹಾಸಿನ ತಂತಿಗಳನ್ನು ಚೌಕಟ್ಟಿಗೆ ಒಂದೇ ಬಿಗಿಯಲ್ಲಿ ಕಟ್ಟಿ, ಹೊಕ್ಕಾಗಿ ತಂತಿಯನ್ನೋ ಕತ್ತರಿಸಿದ ತಗಡಿನ ಪಟ್ಟಿಯನ್ನೋ ತೂರಿಸಬೇಕು. ಲೇಸ್ ಮಾಡುವಾಗ ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಕದಿರುಗಳಿಗೆ ಸುತ್ತಿದ ತಂತಿಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೋಗಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅಂಚು ಕಟ್ಟುವ ಕೆಲಸ. ಹೆಣಿಗೆಯ ತುದಿ ಬಿಚ್ಚದಂತೆ ಅದನ್ನು ತಗಡಿನ ಪಟ್ಟಿಗೋ ಕೊಳವೆಗೋ ಸೇರಿಸಬೇಕು. ದಪ್ಪ ತಗಡು ನಿಧಾನವಾಗಿ ಕಾಯುತ್ತದೆ, ಕೂದಲಿನಂಥ ತಂತಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಕರಗುತ್ತದೆ. ಬೆಂಕಿಯನ್ನು ತಗಡಿನ ಕಡೆಗೆ ತಿರುಗಿಸಿ, ತಂತಿಯನ್ನು ಉಳಿಸಿಕೊಂಡು ಬೆಸೆಯಬೇಕು. ಬೆಂಕಿ ಬೇಡವೆಂದರೆ ಮಡಿಸಿಯೋ ಕಟ್ಟಿಯೋ ಅಂಚನ್ನು ಮುಗಿಸಬೇಕು. ಅಕ್ಕಸಾಲಿಗನ ಹದವೂ ನೇಕಾರನ ಲೆಕ್ಕವೂ ಒಂದೇ ಕೈಯಲ್ಲಿ ಕೂಡಬೇಕಾದ ಜಾಗ ಇದು.

1975ರ ಪುಸ್ತಕ

ತಾವು ಕಂಡುಕೊಂಡದ್ದನ್ನು ಫಿಶ್ ಬಚ್ಚಿಟ್ಟುಕೊಳ್ಳಲಿಲ್ಲ. ತರಗತಿಯಲ್ಲಿ ಕಲಿಸಿ, 1975ರಲ್ಲಿ ‘ಟೆಕ್ಸ್‌ಟೈಲ್ ಟೆಕ್ನಿಕ್ಸ್ ಇನ್ ಮೆಟಲ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ನೇಯ್ಗೆ, ಹೆಣಿಗೆ, ಕ್ರೋಶಾ, ಜಡೆ, ಲೇಸ್, ಬುಟ್ಟಿ ಹೆಣೆಯುವಿಕೆ ಮೊದಲಾದ ವಿಧಾನಗಳನ್ನು ಲೋಹಕ್ಕೆ ಹೇಗೆ ಹೊಂದಿಸಬೇಕು ಎಂಬುದನ್ನು ಅದು ವಿವರಿಸುತ್ತದೆ. ಆಭರಣಕಾರರು, ಶಿಲ್ಪಿಗಳು, ಜವಳಿ ಕಲಾವಿದರು ಮೂವರಿಗೂ ಬರೆದ ಪುಸ್ತಕವೆಂದು ಉಪಶೀರ್ಷಿಕೆಯೇ ಹೇಳುತ್ತದೆ. 1996ರಲ್ಲಿ ಪರಿಷ್ಕೃತ ಮುದ್ರಣ ಹೊರಬಂತು.

ಈ ದಾರಿಯಲ್ಲಿ ಅವರು ಒಬ್ಬರೇ ಇರಲಿಲ್ಲ. ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬ್ರೆಂಟ್ ಕಿಂಗ್ಟನ್ ಅವರ ವಿದ್ಯಾರ್ಥಿನಿಯಾಗಿದ್ದ ಮೇರಿ ಲೀ ಹೂ ಕೂಡ 1960ರ ದಶಕದಲ್ಲೇ ತಂತಿಯನ್ನು ನೂಲಿನಂತೆ ಬಳಸತೊಡಗಿದ್ದರು. ಮುಂದೆ ಅವರು ಚಿನ್ನದ ತಂತಿಯ ಸೂಕ್ಷ್ಮ ಹೆಣಿಗೆಯಲ್ಲಿ ಅಸಾಧಾರಣ ಸಾಧನೆ ಮಾಡಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕಲಿಸಿದರು. ಫಿಶ್ ಅವರ ಹೆಚ್ಚುಗಾರಿಕೆ ಚದುರಿದ ವಿದ್ಯೆಯನ್ನು ವರ್ಗೀಕರಿಸಿ, ಯಾರಾದರೂ ಓದಿ ಮಾಡಿ ನೋಡಬಹುದಾದ ಪಾಠವನ್ನಾಗಿಸಿದ್ದರಲ್ಲಿದೆ.

ಹೆಣಿಗೆ, ಕ್ರೋಶಾ, ಲೇಸ್‌ಗಳನ್ನು ಮನೆಯ ಹೆಂಗಸರ ಬಿಡುವಿನ ಕೆಲಸವೆಂದು ಕಡೆಗಣಿಸುವುದು ಹಲವು ದೇಶಗಳಲ್ಲಿ ರೂಢಿಯಾಗಿತ್ತು. ಸುತ್ತಿಗೆ ಮತ್ತು ಬೆಂಕಿಯ ಕೆಲಸಕ್ಕೆ ಗಂಡಸುತನದ ಗೌರವವಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟ ಈ ಪುಸ್ತಕ ಮನೆಯೊಳಗಿನ ಜಾಣ್ಮೆಗೂ ಲೋಹಕಲೆಯಲ್ಲಿ ಮಾನ್ಯತೆ ದೊರಕಿಸಿತು.

ಬೆಲೆಯ ದೃಷ್ಟಿಯಿಂದಲೂ ತಂತಿ ಕೆಲಸಕ್ಕೆ ಅನುಕೂಲವಿತ್ತು. 1979ರ ಆರಂಭದಲ್ಲಿ ಔನ್ಸಿಗೆ ಸುಮಾರು ಆರು ಡಾಲರ್ ಇದ್ದ ಬೆಳ್ಳಿಯ ಬೆಲೆ 1980ರ ಜನವರಿಯಲ್ಲಿ ಐವತ್ತು ಡಾಲರಿನ ಹತ್ತಿರ ಏರಿತು. ದಪ್ಪ ತಗಡು ಬಳಸುವ ವಿದ್ಯಾರ್ಥಿಗಳಿಗೆ, ಕಲಾವಿದರಿಗೆ ಅದು ದೊಡ್ಡ ಪೆಟ್ಟು. ಅಂಥ ಹೊತ್ತಿನಲ್ಲಿ ಸ್ವಲ್ಪವೇ ಲೋಹದಿಂದ ದೊಡ್ಡ ರೂಪ ಕಟ್ಟಬಲ್ಲ ಹೆಣಿಗೆಯ ಬೆಲೆ ಇನ್ನಷ್ಟು ಮನವರಿಕೆಯಾಗುವಂತಿತ್ತು.

ಸಂಘಟನೆ ಮತ್ತು ಮಂಗಳೂರಿನ ಒಂದು ಎಳೆ

1960ರ ದಶಕದ ಕೊನೆಗೆ ಅಮೆರಿಕದ ಲೋಹಕಲಾ ಅಧ್ಯಾಪಕರು ಊರೂರುಗಳಲ್ಲಿ ಹರಡಿಕೊಂಡಿದ್ದರು. ಒಬ್ಬರ ಪ್ರಯೋಗ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. 1969ರಲ್ಲಿ ಶಿಕಾಗೋದಲ್ಲಿ ಕೆಲವರು ಸೇರಿ ಉತ್ತರ ಅಮೆರಿಕದ ಅಕ್ಕಸಾಲಿಗರ ಸಂಘಕ್ಕೆ ಬುನಾದಿ ಹಾಕಿದರು. ಸಂಘದ ಮೊದಲ ಸಮ್ಮೇಳನ 1970ರಲ್ಲಿ ಮಿನೆಸೋಟಾದ ಸೇಂಟ್ ಪಾಲ್ ನಗರದಲ್ಲಿ, ಒಂದು ಪ್ರದರ್ಶನದೊಂದಿಗೆ ನಡೆಯಿತು. ಫಿಶ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು, 1980ರ ದಶಕದ ಮೊದಲ ಭಾಗದಲ್ಲಿ ಅಧ್ಯಕ್ಷರೂ ಆಗಿದ್ದರು.

ಅವರ ಸಂಘಟನೆಯ ಕೆಲಸ ದೇಶದ ಗಡಿಯನ್ನೂ ದಾಟಿತು. 1976ರಿಂದ 1981ರವರೆಗೆ ಅವರು ವಿಶ್ವ ಕರಕುಶಲ ಮಂಡಳಿಯ ಉಪಾಧ್ಯಕ್ಷರಾಗಿದ್ದರು. ಈ ಮಂಡಳಿಯ ಹುಟ್ಟಿನಲ್ಲಿ ಕರ್ನಾಟಕದ ಮಗಳೊಬ್ಬರ ಪಾಲಿದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಸ್ಥಾಪಿಸಿದವರು ಅಮೆರಿಕದ ಐಲೀನ್ ಆಸ್ಬಾರ್ನ್ ವೆಬ್, ಮಾರ್ಗರೆಟ್ ಪ್ಯಾಚ್ ಮತ್ತು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಸ್ವಾತಂತ್ರ್ಯ ಹೋರಾಟದಿಂದ ಕೈಕಸುಬಿನ ಪುನರುಜ್ಜೀವನಕ್ಕೆ ತಿರುಗಿದ ಕಮಲಾದೇವಿ, 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದವರು. ಅಮೆರಿಕದಂಥ ಕೈಗಾರಿಕೆಯ ನಾಡಿನಲ್ಲಿ ಕಸುಬು ಕಲೆಯಾಗಿ ಮರುಹುಟ್ಟು ಪಡೆಯುತ್ತಿತ್ತು. ಭಾರತದಂಥ ದೇಶಗಳಲ್ಲಿ ಅದು ಲಕ್ಷಾಂತರ ಮನೆಗಳ ಅನ್ನವಾಗಿತ್ತು. ಕಾಲೇಜಿನಲ್ಲಿ ಕಲಿತ ಕಲಾವಿದೆಯೂ ತಲೆತಲಾಂತರದಿಂದ ಕೆಲಸ ಮಾಡುವ ಕಸುಬುದಾರರೂ ಸಮಾನರಾಗಿ ಕೂರುವ ವೇದಿಕೆಯನ್ನು ಮಂಡಳಿ ಕಟ್ಟಿತು. ಜಗತ್ತಿನ ಹಲವು ಕಡೆಯ ಹೆಣಿಗೆಗಳಿಂದ ಪಾಠ ಕಲಿತ ಫಿಶ್ ಅಂಥ ವೇದಿಕೆಗೆ ಸಹಜವಾಗಿ ಸೇರಿದವರು.

ಕಲಿಸಲೆಂದು ಅವರು ಹೊರದೇಶಗಳಿಗೂ ಹೋದರು. 1982ರಲ್ಲಿ ಆಸ್ಟ್ರಿಯಾ, 1989ರಲ್ಲಿ ಉರುಗ್ವೆ ದೇಶಗಳಲ್ಲಿ ಫುಲ್‌ಬ್ರೈಟ್ ಯೋಜನೆಯಡಿ ಉಪನ್ಯಾಸಕರಾಗಿದ್ದರು. ಮೂವತ್ತು ವರ್ಷದ ಹಿಂದೆ ಕಲಿಯಲು ಹೊರಟ ಅದೇ ಯೋಜನೆಯಲ್ಲಿ ಈಗ ಅವರು ಗುರುವಾಗಿದ್ದರು.

ಬಣ್ಣದ ತಾಮ್ರ, ಕಡಲ ಜೀವಿಗಳು

ಬೆಳ್ಳಿ ತಂತಿಯಲ್ಲಿ ಹೊಳಪಿದೆ, ಬಣ್ಣವಿಲ್ಲ. ಬಣ್ಣ ಬೇಕೆನಿಸಿದಾಗ ಫಿಶ್ ಲೇಪನವಿರುವ ತಾಮ್ರದ ತಂತಿಯತ್ತ ತಿರುಗಿದರು. ಇದು ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ಕಾಣುವ ತಂತಿಯ ಬಂಧು. ವಿದ್ಯುತ್ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹಾಯದಿರಲಿ ಎಂದು ಅದರ ಮೇಲೆ ತೆಳುವಾದ ಲೇಪ ಕೊಟ್ಟಿರುತ್ತಾರೆ. ಆ ಲೇಪದಲ್ಲಿ ಕೆಂಪು, ಹಸಿರು, ನೀಲಿ, ನೇರಳೆ ಬಣ್ಣಗಳು ಸಿಗುತ್ತವೆ. ಬೆಂಕಿ ತಾಗಿದರೆ ಲೇಪ ಸುಟ್ಟುಹೋಗುವುದರಿಂದ ಬಣ್ಣದ ಭಾಗದಲ್ಲಿ ಬೆಸುಗೆಗೆ ಎಡೆಯಿಲ್ಲ, ಎಲ್ಲವನ್ನೂ ಹೆಣಿಗೆಯಿಂದಲೇ ಸಾಧಿಸಬೇಕು. 1999ರಲ್ಲಿ ಅವರು ಲೇಪಿತ ತಾಮ್ರ ಮತ್ತು ಬೆಳ್ಳಿಯಿಂದ ಮಾಡಿದ ಬಳೆ ಹಾಗೂ ಕೈಗವಸಿನ ಜೋಡಿ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಗವಸು ಬಟ್ಟೆಯಂತೆ ಕಾಣುತ್ತದೆ, ಮುಟ್ಟಿದರೆ ಲೋಹ.

ಅದೇ ಕಾಲಕ್ಕೆ ಸ್ಯಾನ್ ಡಿಯಾಗೊದ ಇತಿಹಾಸ ಸಂಸ್ಥೆ ಅವರ ಜೀವಮಾನದ ಕೃತಿಗಳ ಪ್ರದರ್ಶನ ಏರ್ಪಡಿಸಿತು. 2000ದಲ್ಲಿ ಬೋಧನೆಯಿಂದ ನಿವೃತ್ತರಾದ ಮೇಲೂ ಕಾರ್ಯಾಗಾರದ ಕೆಲಸ ನಿಲ್ಲಲಿಲ್ಲ. 2008ರಲ್ಲಿ ವಿಸ್ಕಾನ್ಸಿನ್‌ನ ರೆಸೀನ್ ಕಲಾ ಸಂಗ್ರಹಾಲಯದಲ್ಲಿ ‘ಕ್ರೀಚರ್ಸ್ ಫ್ರಂ ದ ಡೀಪ್’ ಎಂಬ ಪ್ರದರ್ಶನ ನಡೆಯಿತು. ಬಣ್ಣದ ತಾಮ್ರದ ತಂತಿಯನ್ನು ಹೆಣೆದು, ಕ್ರೋಶಾ ಹಾಕಿ ಮಾಡಿದ ಜೆಲ್ಲಿ ಮೀನುಗಳನ್ನು ಅಲ್ಲಿ ತೂಗುಬಿಟ್ಟಿದ್ದರು. ಕೊಡೆಯಂಥ ಮೈ, ಕೆಳಗೆ ಇಳಿಬಿದ್ದ ನೀಳ ಎಳೆಗಳು ಗಾಳಿಯಾಡಿದರೆ ನೀರಿನಲ್ಲಿ ತೇಲಿದಂತೆ ಅಲುಗುವಷ್ಟು ಹಗುರ. ಮೈಮೇಲಿನ ಒಡವೆಗೆಂದು ಹುಡುಕಿದ ಹೆಣಿಗೆ ಈಗ ಮೈಯನ್ನು ಬಿಟ್ಟು ಕೋಣೆಯನ್ನೇ ತುಂಬಿತು.

ಮನ್ನಣೆಗಳು ಸಾಲಾಗಿ ಬಂದವು. ಅಮೆರಿಕನ್ ಕರಕುಶಲ ಮಂಡಳಿ 1979ರಲ್ಲಿ ಅವರನ್ನು ಫೆಲೋ ಆಗಿ ಆರಿಸಿತು, 2001ರಲ್ಲಿ ಚಿನ್ನದ ಪದಕ ನೀಡಿತು. ಕ್ಯಾಲಿಫೋರ್ನಿಯಾ ರಾಜ್ಯ 1985ರಲ್ಲಿ ಅವರನ್ನು ರಾಜ್ಯದ ಜೀವಂತ ನಿಧಿ ಎಂದು ಗೌರವಿಸಿತು. 2001ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲಾ ದಾಖಲೆಗಳ ಭಂಡಾರ ಅವರ ನೆನಪುಗಳನ್ನು ಮೌಖಿಕ ಚರಿತ್ರೆಯಾಗಿ ಧ್ವನಿಮುದ್ರಿಸಿಕೊಂಡಿತು.

ಫಿಶ್ ಅವರಿಗಿಂತ ಮೊದಲೂ ಲೋಹವನ್ನು ಹೆಣೆದವರಿದ್ದರು, ಅವರ ಕಾಲದಲ್ಲೂ ಇದ್ದರು. ಅವರಿಂದ ಆದದ್ದು ಆ ವಿದ್ಯೆಗೆ ಒಂದು ತರಗತಿ, ಒಂದು ಪುಸ್ತಕ ಮತ್ತು ಅದನ್ನು ಮುಂದುವರಿಸುವ ಕೈಗಳು ದೊರೆತದ್ದು. 39 ವರ್ಷಗಳಲ್ಲಿ ಅವರಲ್ಲಿ ಕಲಿತವರು ತಮ್ಮ ಕಾರ್ಯಾಗಾರಗಳಿಗೂ ತರಗತಿಗಳಿಗೂ ಅದನ್ನು ಒಯ್ದರು. ಅವರನ್ನು ಎಂದೂ ಕಾಣದವರೂ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು, ಶುದ್ಧ ಬೆಳ್ಳಿಯ ಎಳೆಯೊಂದನ್ನು ಕಾಯಿಸಿ ಮೆದು ಮಾಡಿಕೊಂಡು, ಮೊದಲ ಕುಣಿಕೆ ಹಾಕಿ ಕಲಿಯಬಹುದು.